ದಾನದ ಭೇದಗಳೂ ಕಲ್ಯಾಣ ರಾಜ್ಯಗಳ ತುಲನೆಯೂ

ಗೃಹಸ್ಥನ ಷಟ್ಕರ್ಮಗಳಲ್ಲಿ ದಾನವೂ ಒಂದೆಂಬುದನ್ನು ಜೈನ ಮನೆಗಳ ಮಕ್ಕಳೂ ಬಲ್ಲರು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಅದು ನಾಲ್ಕು ಬಗೆ. ಈ ನಾಲ್ಕನ್ನೂ ಇಂದಿನ ಸರ್ಕಾರಗಳು ತಮ್ಮ ಕರ್ತವ್ಯವೆಂದು ಹೇಳಿಕೊಳ್ಳುತ್ತವೆ. ನ್ಯಾಯಬೆಲೆ ಅಂಗಡಿಯ ಅಕ್ಕಿ, ಸರ್ಕಾರಿ ಆಸ್ಪತ್ರೆಯ ಮದ್ದು, ಶಾಲೆಯ ಉಚಿತ ಪಠ್ಯಪುಸ್ತಕ, ವೃದ್ಧಾಪ್ಯ ವೇತನ ತರುವ ಅಷ್ಟಿಷ್ಟು ನಿಶ್ಚಿಂತೆ; ಹೆಸರು ಬೇರೆಯಾದರೂ ವಸ್ತು ಅದೇ. ಹಾಗಾದರೆ ಕಲ್ಯಾಣ ರಾಜ್ಯವನ್ನು ದಾನಿಯೆನ್ನಬಹುದೇ? ಅದು ಕೊಡುವುದು ದಾನವೇ, ಅಥವಾ ಬೇರೊಂದು ಬಗೆಯ ಕೊಡುಗೆಯೇ? ಬಸದಿಯ ಜೀರ್ಣೋದ್ಧಾರಕ್ಕೆ ಸಂತೋಷದಿಂದ ಲಕ್ಷ ಕೊಡುವ ವರ್ತಕನು ತೆರಿಗೆಯ ಸಾವಿರಕ್ಕೆ ಮುಖ ಸಿಂಡರಿಸುವುದು ಲೋಕರೂಢಿಯಾಗಿರುವುದರಿಂದ ಈ ಪ್ರಶ್ನೆ ಪಂಡಿತರ ವಾದಕ್ಕಷ್ಟೇ ಸೀಮಿತವಾದುದಲ್ಲ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿಂದ ದಕ್ಷಿಣಕ್ಕೆ ಹೊರಟು ಹುಳಿಮಾವಿನವರೆಗೆ ಬಂದರೆ ಕೆಲವೇ ಕಿಲೋಮೀಟರು. ಒಂದು ಕಾಲದಲ್ಲಿ ಬೇಗೂರು ಹೋಬಳಿಯ ಹಳ್ಳಿಯಾಗಿದ್ದ ಹುಳಿಮಾವು ಇಂದು ಮಹಾನಗರದೊಳಗೆ ಸೇರಿಹೋಗಿದೆ. ಇಲ್ಲಿನ ವಸತಿ ಸಮುಚ್ಚಯದ ಸಾಫ್ಟ್‌ವೇರ್ ಉದ್ಯೋಗಿಗೆ ಕಾಯಿಲೆಯಾದರೆ ಕಂಪನಿಯ ಸಾಮೂಹಿಕ ವಿಮೆ ಇದೆ. ಬೇಗೂರು, ಬೊಮ್ಮನಹಳ್ಳಿ ಕಡೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ 1948ರ ಕಾಯ್ದೆಯಿಂದ ಹುಟ್ಟಿದ ಇಎಸ್‌ಐ ಇದೆ. ನಿವೃತ್ತ ಸರ್ಕಾರಿ ನೌಕರರಿಗೆ ಪಿಂಚಣಿ. ಆದರೆ 2006ರ ಏಪ್ರಿಲ್ ನಂತರ ರಾಜ್ಯ ಸೇವೆಗೆ ಸೇರಿದವರಿಗೆ ಅದೇ ಪಿಂಚಣಿಯಲ್ಲ, ವಂತಿಗೆಯನ್ನು ಆಧರಿಸಿದ ಹೊಸ ಯೋಜನೆ. ಬಿಪಿಎಲ್ ಕಾರ್ಡಿನ ಮನೆಗೆ ಅಕ್ಕಿ. ಮನೆಮನೆಯಲ್ಲಿ ಪಾತ್ರೆ ತೊಳೆಯುವ, ಉತ್ತರ ಕರ್ನಾಟಕದಿಂದ ವಲಸೆ ಬಂದ, ಇಲ್ಲಿಯ ವಿಳಾಸದಲ್ಲಿ ಕಾರ್ಡೇ ಇಲ್ಲದ ಹೆಂಗಸಿಗೆ ಮನೆಯೊಡತಿಯ ದಯೆ. ಒಂದೇ ಹೋಬಳಿ, ಒಂದೇ ಸಂವಿಧಾನ. ಆದರೂ ಹೃದಯ ಕೈಕೊಟ್ಟ ದಿನ ಇವರಲ್ಲಿ ಒಬ್ಬೊಬ್ಬರು ಬಡಿಯುವ ಬಾಗಿಲು ಒಂದೊಂದು. ಊರೊಂದರಲ್ಲೇ ಇಷ್ಟು ಭೇದವಿರುವಾಗ ಸ್ವೀಡನ್ನನ್ನೂ ಅಮೆರಿಕವನ್ನೂ ಪಕ್ಕಪಕ್ಕ ನಿಲ್ಲಿಸಿ ಯಾವುದು ಹೆಚ್ಚು ಕಲ್ಯಾಣ ರಾಜ್ಯ ಎಂದು ಹೇಳುವ ವಿದ್ವಾಂಸರು ಯಾವ ತಕ್ಕಡಿಯನ್ನು ಹಿಡಿಯುತ್ತಾರೆ?

ಮೊದಲು ಹಿಡಿದದ್ದು ಹಣದ ತಕ್ಕಡಿ. ಅಮೆರಿಕದ ಸಮಾಜವಿಜ್ಞಾನಿ ಹೆರಾಲ್ಡ್ ವಿಲೆನ್ಸ್ಕಿ 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 64 ದೇಶಗಳನ್ನು ತೆಗೆದುಕೊಂಡು, ರಾಷ್ಟ್ರೀಯ ಆದಾಯದಲ್ಲಿ ಎಷ್ಟು ಪಾಲು ಸಾಮಾಜಿಕ ಭದ್ರತೆಗೆ ಖರ್ಚಾಗುತ್ತದೆಂದು ಲೆಕ್ಕ ಹಾಕಿದರು. ಅವರಿಗೆ ಕಂಡುದಿಷ್ಟು: ಆಳುವವರ ಸಿದ್ಧಾಂತ ಎಡವೋ ಬಲವೋ ಎಂಬುದಕ್ಕಿಂತ ದೇಶದ ಸಿರಿವಂತಿಕೆ, ಜನರಲ್ಲಿ ವೃದ್ಧರ ಪ್ರಮಾಣ, ಯೋಜನೆಗಳು ಆರಂಭವಾಗಿ ಎಷ್ಟು ವರ್ಷವಾಯಿತೆಂಬುದು ಇವೇ ಖರ್ಚನ್ನು ನಿರ್ಧರಿಸುತ್ತವೆ. ಲೆಕ್ಕ ಸರಿಯೇ. ಆದರೆ ಎಷ್ಟು ಖರ್ಚಾಯಿತೆಂದು ತಿಳಿದರೆ ಏನಾಯಿತೆಂದು ತಿಳಿದಂತಾಗುವುದಿಲ್ಲ. ಒಬ್ಬ ಅಧಿಕಾರಿಯ ದೊಡ್ಡ ಪಿಂಚಣಿಯೂ ನೂರು ವಿಧವೆಯರ ಸಣ್ಣ ವೇತನವೂ ಮೊತ್ತದಲ್ಲಿ ಒಂದೇ ಆಗಬಹುದು.

ಇನ್ನೊಂದು ತೊಡಕು ಲೆಕ್ಕ ಬಲ್ಲವರಿಗೆ ರುಚಿಸತಕ್ಕದ್ದು. ಡೆನ್ಮಾರ್ಕ್ ಕೊಟ್ಟ ಪಿಂಚಣಿಯ ಮೇಲೆ ತೆರಿಗೆ ಹಾಕಿ ಒಂದಂಶವನ್ನು ಮರಳಿ ಪಡೆಯುತ್ತದೆ. ಅಮೆರಿಕವು ನೇರವಾಗಿ ಕಡಿಮೆ ಕೊಟ್ಟು, ಕಂಪನಿಗಳ ಆರೋಗ್ಯ ವಿಮೆಗೆ ತೆರಿಗೆ ವಿನಾಯಿತಿ ಕೊಡುತ್ತದೆ. ಈ ತೆರಿಗೆಗಳನ್ನು ಕಳೆದು, ಖಾಸಗಿ ಸಾಮಾಜಿಕ ವೆಚ್ಚವನ್ನು ಕೂಡಿಸಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯವರು ನಿವ್ವಳ ಲೆಕ್ಕ ತೆಗೆದಾಗ, ಜಿಪುಣನೆಂದು ಹೆಸರಾದ ಅಮೆರಿಕವು ಫ್ರಾನ್ಸಿನ ಹಿಂದೆಯೇ ಎರಡನೆಯ ಸ್ಥಾನಕ್ಕೆ ಬಂದಿತು. ಖರ್ಚೇನೋ ಉಂಟು, ಅದು ತಲುಪುವುದು ಬಹುಪಾಲು ಕೆಲಸವುಳ್ಳವನಿಗೆ ಮತ್ತು ಉಳ್ಳವನಿಗೆ. ಇಂಥ ಮರೆಯ ಖರ್ಚು ನಮ್ಮಲ್ಲೂ ಇಲ್ಲದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80-ಜಿ ಕಲಮು ವರ್ತಕರಿಗೆ ಚಿರಪರಿಚಿತ. ಮೂವತ್ತು ಶೇಕಡಾ ತೆರಿಗೆಯ ವರ್ಗದವನು ಹಳೆಯ ತೆರಿಗೆ ಕ್ರಮದಲ್ಲಿದ್ದು, ಅರ್ಧ ವಿನಾಯಿತಿಯುಳ್ಳ ವಿದ್ಯಾರ್ಥಿನಿಲಯದ ನಿಧಿಗೆ ಒಂದು ಲಕ್ಷ ಕೊಟ್ಟನೆನ್ನೋಣ. ಐವತ್ತು ಸಾವಿರ ಅವನ ಆದಾಯದಿಂದ ಕಳೆದುಹೋಗಿ, ಸೆಸ್ಸು ಬಿಟ್ಟು, ಹದಿನೈದು ಸಾವಿರ ತೆರಿಗೆ ಉಳಿಯಿತು. ಆ ಹದಿನೈದು ಸಾವಿರವನ್ನು ಬಿಟ್ಟುಕೊಟ್ಟವರು ದೇಶದ ಜನ. ಅಮೃತಶಿಲೆಯ ಫಲಕದಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ.

ಹಣದ ಮೊತ್ತವನ್ನು ಬಿಟ್ಟು ಕೊಡುವ ರೀತಿಯನ್ನು ನೋಡಬೇಕೆಂದು ಹೇಳಿದವರಲ್ಲಿ ಮುಖ್ಯರು ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್. ವಿಶ್ವವಿದ್ಯಾಲಯದ ಪದವಿಯಿಲ್ಲದೆ, ವಿಮಾ ಕಚೇರಿಯಲ್ಲಿ ಹಲವು ವರ್ಷ ದುಡಿದು, 1950ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರಾಧ್ಯಾಪಕರಾದವರು ಅವರು. ಸಂಸಾರವೂ ಮಾರುಕಟ್ಟೆಯೂ ಸೋತಾಗ ಮಾತ್ರ ಕೈಹಿಡಿಯುವುದು ಒಂದು ಮಾದರಿ; ದುಡಿಮೆಯ ಯೋಗ್ಯತೆಗೆ ತಕ್ಕಂತೆ ಕೊಡುವುದು ಇನ್ನೊಂದು; ಎಲ್ಲರಿಗೂ ಅವಶ್ಯಕತೆಗೆ ಅನುಸಾರವಾಗಿ ಒದಗಿಸುವುದು ಮತ್ತೊಂದು ಎಂದು ಅವರು ವಿಂಗಡಿಸಿದರು. ಅವರು 1970ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯ ರಕ್ತದಾನ. ಬ್ರಿಟನ್ನಿನಲ್ಲಿ ಜನ ಪುಕ್ಕಟೆಯಾಗಿ, ಪಡೆಯುವವನಾರೆಂದು ಅರಿಯದೆ, ರಕ್ತ ಕೊಡುತ್ತಿದ್ದರು. ಅಮೆರಿಕದಲ್ಲಿ ಬಹಳ ಮಟ್ಟಿಗೆ ಮಾರುತ್ತಿದ್ದರು. ಮಾರಿದ ರಕ್ತವೇ ಹೆಚ್ಚು ದೋಷಯುಕ್ತವೂ ದುಬಾರಿಯೂ ಆಗಿರುವುದನ್ನು ಅವರು ತೋರಿಸಿದರು. ಹಣಕ್ಕಾಗಿ ಬರುವವನಿಗೆ ತನ್ನ ಕಾಯಿಲೆಯನ್ನು ಮುಚ್ಚಿಡುವ ಕಾರಣವಿರುತ್ತದೆ. ಮಹಾವೀರ ಜಯಂತಿಯಂದು ರಕ್ತದಾನ ಶಿಬಿರ ಏರ್ಪಡಿಸುವ ಸಂಘಗಳು ಈ ಗ್ರಂಥದ ಹೆಸರನ್ನು ಕೇಳಿರಲಾರವು; ಅದರ ತತ್ತ್ವವನ್ನು ಮಾತ್ರ ಆಚರಿಸುತ್ತಿವೆ.

ಟಿಟ್ಮಸ್ ತಲುಪಿದ ನೆಲೆ ಜೈನ ವಿದ್ಯಾರ್ಥಿಗೆ ಹೊಸದಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಲಕ್ಷಣವನ್ನೂ, ಅದರಲ್ಲಿ ಹೆಚ್ಚುಕಡಿಮೆ ಏಕೆ ಉಂಟಾಗುತ್ತದೆಂಬುದನ್ನೂ ಹೇಳಿದೆ. ಉಪಕಾರಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನ; ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಇವುಗಳ ವಿಶೇಷದಿಂದ ಅದರ ಫಲದಲ್ಲಿ ವಿಶೇಷ. ಈ ನಾಲ್ಕರಲ್ಲಿ ಮೊತ್ತವೆಂಬುದು ಇಲ್ಲವೇ ಇಲ್ಲವೆಂಬುದನ್ನು ಗಮನಿಸಬೇಕು. ಕಲ್ಯಾಣ ರಾಜ್ಯಗಳ ಅಧ್ಯಯನ ಕಳೆದ ಐವತ್ತು ವರ್ಷಗಳಲ್ಲಿ ಸಾಗಿರುವುದೂ ಹೆಚ್ಚುಕಡಿಮೆ ಈ ನಾಲ್ಕು ಪ್ರಶ್ನೆಗಳ ಹಾದಿಯಲ್ಲೇ. ಇದರಿಂದ ನಮ್ಮ ಆಚಾರ್ಯರು ಆಧುನಿಕ ಸಮಾಜಶಾಸ್ತ್ರವನ್ನು ಮೊದಲೇ ಹೇಳಿಬಿಟ್ಟಿದ್ದರೆಂದು ಬೀಗುವ ಅಗತ್ಯವಿಲ್ಲ. ಅವರ ಕಣ್ಣಿದ್ದುದು ಮುನಿಗಳ ಆಹಾರದಾನದ ಮೇಲೆ. ಆದರೂ ಒಳ್ಳೆಯ ತಕ್ಕಡಿಯಲ್ಲಿ ಹೊಸ ಸರಕನ್ನೂ ತೂಗಬಹುದು.

ಡೆನ್ಮಾರ್ಕಿನ ಗೋಸ್ಟಾ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ ಬರೆದ ಗ್ರಂಥ ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿಯೋ ಜಗಳವಾಡಿಯೋ ದಾಟಲೇಬೇಕಾದ ಹೊಳೆ. ಅವರ ಮೂಲಪ್ರಶ್ನೆ ವರ್ತಕನಿಗೆ ಬೇಗ ಅರ್ಥವಾಗತಕ್ಕದ್ದು. ಮಂಡಿಯಲ್ಲಿ ಜೋಳಕ್ಕೆ ಬೆಲೆಯಿಲ್ಲದಿದ್ದರೆ ಉಗ್ರಾಣದಲ್ಲಿಟ್ಟು ಕಾಯಬಹುದು. ಕೂಲಿಯವನು ತನ್ನ ಇಂದಿನ ದುಡಿಮೆಯನ್ನು ಉಗ್ರಾಣದಲ್ಲಿಡಲಾರ. ಇಂದು ಮಾರದ ದಿನ ಇಂದೇ ಸತ್ತಿತು. ಆದ್ದರಿಂದ ಅವನು ಬಂದ ಬೆಲೆಗೆ ಮಾರಿಕೊಳ್ಳಬೇಕು. ಮುಪ್ಪು, ಕಾಯಿಲೆ, ನಿರುದ್ಯೋಗ ಈ ಮೂರು ಸಂದರ್ಭಗಳಲ್ಲಿ ಮನುಷ್ಯನು ತನ್ನನ್ನು ಸರಕಿನಂತೆ ಮಾರಿಕೊಳ್ಳದೆ ಎಷ್ಟರ ಮಟ್ಟಿಗೆ ಬದುಕಬಲ್ಲ ಎಂಬುದನ್ನು ಅವರು 18 ಸಿರಿವಂತ ದೇಶಗಳಲ್ಲಿ, 1980ರ ನಿಯಮಗಳನ್ನು ಹಿಡಿದು, ಅಂಕಗಳಲ್ಲಿ ಅಳೆದರು. ಎಷ್ಟು ವರ್ಷ ವಂತಿಗೆ ಕಟ್ಟಿರಬೇಕು, ಎಷ್ಟು ದಿನ ಕಾಯಬೇಕು, ಹಿಂದಿನ ವೇತನದ ಎಷ್ಟಂಶ ಸಿಗುತ್ತದೆ ಎಂಬ ವಿವರಗಳೆಲ್ಲ ಅದರಲ್ಲಿ ಸೇರಿದ್ದುವು. ಸ್ವೀಡನ್‌ಗೆ 39.1 ಅಂಕ, ಅಮೆರಿಕಕ್ಕೆ 13.8, ಆಸ್ಟ್ರೇಲಿಯಕ್ಕೆ 13. ಜರ್ಮನಿ, ಫ್ರಾನ್ಸ್ ನಡುವೆ ನಿಂತವು. 2006ರಲ್ಲಿ ಲೈಲ್ ಸ್ಕ್ರಗ್ಸ್, ಜೇಮ್ಸ್ ಆಲನ್ ಎಂಬಿಬ್ಬರು ಲೆಕ್ಕಪರಿಶೋಧಕರಂತೆ ಕುಳಿತು ಈ ಅಂಕಗಳನ್ನೆಲ್ಲ ಮರುಲೆಕ್ಕ ಮಾಡಿದಾಗ ಹಲವು ದೇಶಗಳ ಸ್ಥಾನ ಅಲುಗಾಡಿತು. ಎಣಿಕೆಯ ಹಿಂದಿನ ವಿಚಾರ ಮಾತ್ರ ಉಳಿಯಿತು.

ಆ ವಿಚಾರವೆಂದರೆ ದೇಶಗಳನ್ನು ಹೆಚ್ಚು-ಕಡಿಮೆ ಎಂಬ ಒಂದೇ ಏಣಿಯ ಮೆಟ್ಟಿಲುಗಳ ಮೇಲೆ ನಿಲ್ಲಿಸದೆ, ಕೊಡುವ ವಿಧಿಯ ಜಾತಿಭೇದದಿಂದ ಗುರುತಿಸುವುದು. ಆಂಗ್ಲೋ-ಅಮೆರಿಕನ್ ಲೋಕದಲ್ಲಿ ಬಡತನವನ್ನು ರುಜುವಾತು ಮಾಡಿದವನಿಗೆ ಅಲ್ಪ ಸಹಾಯ. ಜರ್ಮನಿಯ ಕಡೆ, ಬಿಸ್ಮಾರ್ಕ್ 1883ರಿಂದ 1889ರವರೆಗೆ ತಂದ ಕಾಯಿಲೆ, ಅಪಘಾತ, ವೃದ್ಧಾಪ್ಯ ವಿಮೆಗಳ ವಂಶದಲ್ಲಿ, ವೃತ್ತಿಗೆ ತಕ್ಕ ನಿಧಿ, ಅಂತಸ್ತಿಗೆ ತಕ್ಕ ಪಿಂಚಣಿ. ಉತ್ತರದ ಸ್ಕ್ಯಾಂಡಿನೇವಿಯದಲ್ಲಿ ನಾಗರಿಕನೆಂಬ ಕಾರಣಕ್ಕೇ ಎಲ್ಲರಿಗೂ. ಬಿಸ್ಮಾರ್ಕನ ವೃದ್ಧಾಪ್ಯ ವಿಮೆಯಾದ ಎರಡೇ ವರ್ಷಕ್ಕೆ, 1891ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಕಡ್ಡಾಯ ಜೀವವಿಮೆಯನ್ನು ಆರಂಭಿಸಿತೆಂಬುದು ನಮ್ಮವರಿಗೆ ಅಷ್ಟಾಗಿ ತಿಳಿಯದ ಸಂಗತಿ. ಇಂದಿನ ರಾಜ್ಯ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಅದೂ ಜರ್ಮನ್ ಜಾತಿಯದೇ: ಒಳಗಿದ್ದವನಿಗೆ ಭದ್ರತೆ, ಹೊರಗಿನ ರೈತನಿಗೆ ಅದರ ನೆರಳೂ ಇಲ್ಲ. ಹುಳಿಮಾವಿನ ಬೀದಿಯನ್ನು ಮತ್ತೆ ನೋಡಿದರೆ ಈ ಮೂರು ಲೋಕಗಳೂ ಅಲ್ಲೇ ಇವೆ. ಇಎಸ್‌ಐ, ಪಿಂಚಣಿ ಒಂದು ಲೋಕ. ಬಿಪಿಎಲ್ ಕಾರ್ಡು ಇನ್ನೊಂದು. 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರೆಲ್ಲರಿಗೂ ದೊರೆತ ಉಚಿತ ಪ್ರಯಾಣ ಮೂರನೆಯದರ ಒಂದು ಎಳೆ.

ಯಾರಿಗೆ ಕೊಡಬೇಕು ಎಂಬ ಪಾತ್ರದ ಪ್ರಶ್ನೆಯೇ ಇವುಗಳಲ್ಲಿ ಬಹಳ ಕಠಿನವಾದುದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಆಚಾರ್ಯ ಜಿನಸೇನರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ಹೇಳಿದ್ದಾರೆ. ಅನುಗ್ರಹಕ್ಕೆ ಯೋಗ್ಯವಾದ ಜೀವಿಗಳಿಗೆ ಕನಿಕರದಿಂದ ಅಭಯ ಕೊಡುವುದು ದಯಾದತ್ತಿ. ತಪೋಧನರಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ. ತನಗೆ ಸಮಾನರಾದ ಗೃಹಸ್ಥರಿಗೆ ಕೊಡುವುದು ಸಮದತ್ತಿ. ತನ್ನ ವಂಶದವನಿಗೆ ಮನೆತನವನ್ನೂ ಧನವನ್ನೂ ಒಪ್ಪಿಸುವುದು ಅನ್ವಯದತ್ತಿ. ಇಲ್ಲಿ ಯೋಗ್ಯತೆಯ ಪರೀಕ್ಷೆ ಇರುವುದು ಎಲ್ಲಿ ಎಂಬುದನ್ನು ನೋಡಬೇಕು. ಪಾತ್ರದತ್ತಿಯಲ್ಲಿ ಪಡೆಯುವವನ ಗುಣವಿಚಾರವಿದೆ. ದಯಾದತ್ತಿಯಲ್ಲಿ ಅದಿಲ್ಲ, ಸಂಕಟವೊಂದೇ ಅರ್ಹತೆ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದಾಗ, ನಿರಾಶ್ರಿತರಿಗೆ ಅನ್ನ ಬಡಿಸಿದವರಾರೂ ಆದಾಯ ಪ್ರಮಾಣಪತ್ರ ಕೇಳಿರಲಾರರು. ಅಚಾತುರ್ಯವೇನೆಂದರೆ, ಮುನಿಗಳ ವಿಷಯದಲ್ಲಿ ಹೇಳಿದ ಪಾತ್ರಪರೀಕ್ಷೆಯನ್ನು ನಾವು ಬಡವನ ಮೇಲೆ ಹೊರಿಸಿದ್ದೇವೆ.

1997ರಲ್ಲಿ ಭಾರತ ಸರ್ಕಾರ ಎಲ್ಲರಿಗೂ ಇದ್ದ ಪಡಿತರವನ್ನು ಬಡತನ ರೇಖೆಯ ಕೆಳಗೆ, ಮೇಲೆ ಎಂದು ಒಡೆಯಿತು. ತಮಿಳುನಾಡು ಒಡೆಯಲಿಲ್ಲ. ಈ ವ್ಯತ್ಯಾಸದಿಂದ ಅರ್ಥಶಾಸ್ತ್ರಜ್ಞರಿಗೆ ಒಂದು ದೊಡ್ಡ ಪ್ರಯೋಗಶಾಲೆಯೇ ದೊರೆಯಿತು. ಅವರು ಎರಡು ತಪ್ಪುಗಳನ್ನು ಎಣಿಸುತ್ತಾರೆ: ಬೇಡದವನಿಗೆ ಸಿಕ್ಕಿದ್ದು ಒಂದು, ಬೇಕಾದವನಿಗೆ ತಪ್ಪಿದ್ದು ಇನ್ನೊಂದು. ಸಾಲನ್ನು ಬಿಗಿ ಮಾಡಿದಷ್ಟೂ ಮೊದಲ ತಪ್ಪು ಕುಗ್ಗಿ ಎರಡನೆಯದು ಹಿಗ್ಗುತ್ತದೆ. ಕರ್ನಾಟಕದಲ್ಲೇ 2024ರ ನವೆಂಬರಿನಲ್ಲಿ ಅನರ್ಹರೆಂದು ಬಿಪಿಎಲ್ ಕಾರ್ಡುಗಳನ್ನು ತೆಗೆದುಹಾಕಹೊರಟಾಗ ಅರ್ಹರ ಕೂಗೆದ್ದು, ಕಾರ್ಡುಗಳನ್ನು ಮರಳಿ ಕೊಡಬೇಕಾಯಿತು. ಈ ಎರಡು ತಪ್ಪುಗಳನ್ನು ಖರ್ಚಿನ ಪುಸ್ತಕದಲ್ಲಿ ಸಮವೆಂದು ಬರೆಯಬಹುದು. ಅಹಿಂಸೆಯನ್ನು ಮೊದಲ ವ್ರತವೆಂದು ಒಪ್ಪಿದವನಿಗೆ ಅವು ಸಮವಲ್ಲ. ಉಂಡವನು ಮತ್ತೊಂದು ತುತ್ತು ಉಂಡರೆ ಧಾನ್ಯ ನಷ್ಟ. ಹಸಿದವನು ಬಾಗಿಲಿನಿಂದ ಹಿಂತಿರುಗಿದರೆ ಪ್ರಾಣಪೀಡೆ.

ಇದಕ್ಕೆ ವರ್ತಕರ ಉತ್ತರ ಸಿದ್ಧವಾಗಿರುತ್ತದೆ: ಇರುವ ಹಣ ಇಷ್ಟೇ, ಬಡವನಿಗೆ ಮಾತ್ರ ಕೊಟ್ಟರೆ ಬಡವನಿಗೆ ಹೆಚ್ಚು ಸಿಗುತ್ತದೆ. ಲೆಕ್ಕಕ್ಕೆ ಸರಿಯೆನ್ನಿಸುವ ಈ ಮಾತನ್ನು ಸ್ವೀಡನ್ನಿನ ವಾಲ್ಟರ್ ಕೋರ್ಪಿ, ಯೋಕಿಮ್ ಪಾಲ್ಮೆ 1998ರಲ್ಲಿ ದೇಶದೇಶಗಳ ಅಂಕಿಗಳ ಮೇಲೆ ಪರೀಕ್ಷಿಸಿದರು. ಬಡವರಿಗೆಂದೇ ಕೊಡುವ ದೇಶಗಳಲ್ಲಿ ಬಡತನ ಕಡಿಮೆ ತಗ್ಗಿತ್ತು. ಎಲ್ಲರಿಗೂ ಕೊಡುವ ದೇಶಗಳಲ್ಲಿ ಹೆಚ್ಚು ತಗ್ಗಿತ್ತು. ಏಕೆಂದರೆ ಇರುವ ಹಣ ‘ಇಷ್ಟೇ’ ಎಂಬುದು ನಿಜವಲ್ಲ. ತನಗೂ ತನ್ನ ತಾಯಿಗೂ ಉಪಯೋಗವಾಗುವ ಆಸ್ಪತ್ರೆಗೆ ಮಧ್ಯಮವರ್ಗದವನು ತೆರಿಗೆ ಕೊಡಲು ಒಪ್ಪುತ್ತಾನೆ. ಬಡವರಿಗೆಂದೇ ಮೀಸಲಾದ ಆಸ್ಪತ್ರೆಗೆ ಒಪ್ಪುವುದಿಲ್ಲ, ಅದರ ದುಃಸ್ಥಿತಿಯನ್ನು ಪ್ರಶ್ನಿಸುವುದೂ ಇಲ್ಲ. ನಂತರದ ವರ್ಷಗಳ ಅಂಕಿಗಳಲ್ಲಿ ಈ ಸಂಬಂಧ ಅಷ್ಟು ಬಿಗಿಯಾಗಿ ಕಾಣುವುದಿಲ್ಲವೆಂದು ಬೇರೆ ವಿದ್ವಾಂಸರು ಹೇಳಿರುವುದುಂಟು. ಹಾಗಿದ್ದರೂ ಜಯದೇವ ಸಂಸ್ಥೆಯ ಅನುಭವ ಕೋರ್ಪಿಯವರ ಕಡೆಗೇ ವಾಲುತ್ತದೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ವರ್ಷಗಳಲ್ಲಿ ಅಲ್ಲಿ ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ ಎಂಬ ಪದ್ಧತಿ ಹೆಸರಾಯಿತು. ಕೊಡಬಲ್ಲವರೂ ಕೊಡಲಾರದವರೂ ಒಂದೇ ಬಾಗಿಲಿನಿಂದ ಒಳಹೋಗುವ ಕಾರಣದಿಂದಲೇ ಆ ಬಾಗಿಲಿಗೆ ಮರ್ಯಾದೆ ಬಂದಿದೆ. ಪಾತ್ರವಿಚಾರವನ್ನು ತುರ್ತಿನ ಹೊತ್ತಿನಿಂದ ಆಚೆಗೆ ತಳ್ಳಿದ್ದು ವಿಧಿಯ ವಿಶೇಷ.

ನಮ್ಮ ಧರ್ಮದತ್ತಿ ಸಂಸ್ಥೆಗಳೂ ತಮ್ಮ ವಿಧಿಯನ್ನು ಒಮ್ಮೆ ನೋಡಿಕೊಳ್ಳಬಹುದು. ವಿದ್ಯಾರ್ಥಿವೇತನದ ಅರ್ಜಿಗೆ ತಹಸೀಲ್ದಾರರ ಪ್ರಮಾಣಪತ್ರ, ಇಬ್ಬರು ಗಣ್ಯರ ಶಿಫಾರಸು, ಕೊನೆಗೆ ವೇದಿಕೆಯ ಮೇಲೆ ದೊಡ್ಡ ಚೆಕ್ಕಿನ ಪ್ರತಿಕೃತಿ ಹಿಡಿದು ಛಾಯಾಚಿತ್ರ. 1834ರಲ್ಲಿ ಇಂಗ್ಲೆಂಡಿನವರು ಬಡವರ ಕಾಯ್ದೆಯನ್ನು ತಿದ್ದಿ, ಸಹಾಯ ಬೇಡುವವನು ನಾಚಿ ದೂರ ನಿಲ್ಲುವಂತೆ ದುಡಿಮೆಮನೆಗಳನ್ನು ಬೇಕೆಂದೇ ಅಹಿತವಾಗಿಟ್ಟರು. ನಮ್ಮವರಿಗೆ ಅಂಥ ಉದ್ದೇಶವಿಲ್ಲ. ಆದರೆ ಹದಿನೇಳರ ಹುಡುಗಿ ಆ ಚಿತ್ರದಲ್ಲಿ ತಲೆ ತಗ್ಗಿಸಿ ನಿಂತಿರುವುದಕ್ಕೆ ಉದ್ದೇಶ ಬೇಕಿಲ್ಲ.

ದಾತೃವಿನ ವಿಚಾರಕ್ಕೆ ಬಂದರೆ ಚರಿತ್ರೆಗೆ ಹೋಗಬೇಕು. ಥೀಡಾ ಸ್ಕಾಚ್‌ಪೋಲ್ 1992ರಲ್ಲಿ ತೋರಿಸಿದಂತೆ, ಕಲ್ಯಾಣ ರಾಜ್ಯವೇ ಅಲ್ಲವೆನಿಸಿದ್ದ ಅಮೆರಿಕದಲ್ಲಿ 1910ರ ಹೊತ್ತಿಗೆ 65 ದಾಟಿದ ಗಂಡಸರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಅಂತರ್ಯುದ್ಧದ ಪಿಂಚಣಿ ಪಡೆಯುತ್ತಿದ್ದರು. ಯುದ್ಧದಲ್ಲಿ ರಕ್ತ ಸುರಿಸಿದವನಿಗೆ ಕೊಡುವುದು ರಾಜ್ಯದ ಮೊದಲ ಕೊಡುಗೆಗಳಲ್ಲೊಂದು. ಹುಳಿಮಾವಿಗೆ ಹತ್ತಿರದ ಬೇಗೂರಿನ ಪ್ರಸಿದ್ಧ ವೀರಗಲ್ಲು, ಗಂಗರ ಎರೆಯಪ್ಪನ ಕಾಲದ್ದು, ನಾಗತ್ತರನು ಕಾದಿ ಮಡಿದುದನ್ನೂ ಬೆಂಪೂರು ಹನ್ನೆರಡನ್ನು ಇರುಗನಿಗೆ ಕಲ್ನಾಡಾಗಿ ಕೊಟ್ಟುದನ್ನೂ ದಾಖಲಿಸುತ್ತದೆ. ಅದು ನಾಯಕನ ಪದವಿಯ ಮಾತಾಯಿತು; ಸಾಮಾನ್ಯ ಬಂಟರ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಗಳು ನಾಡಿನ ಶಾಸನಗಳಲ್ಲಿ ಬೇಕಾದಷ್ಟಿವೆ. ಅದಕ್ಕಿಂತ ವಿಚಿತ್ರವಾದುದು ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ಬಗೆಹರಿಸಿದ ಮೇಲೆ, ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದನ್ನು ಕೂಡಿಸಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಕಟ್ಟಳೆಯಾಯಿತು. ಅಭಯ ಕೊಟ್ಟವನು ಅರಸ, ಹಣ ಕೊಟ್ಟವರು ಜೈನ ಮನೆಗಳು, ಕೂಡಿಸಿ ನಡೆಸಿದವನು ಎದುರು ಪಕ್ಷದ ಶ್ರೀವೈಷ್ಣವ. ಇದರಲ್ಲಿ ದಾನಿ ಯಾರು? ಉಳ್ಳ ಮನೆಗೂ ಇಲ್ಲದ ಮನೆಗೂ ಒಂದೇ ಹಣ, ಕಟ್ಟಲೇಬೇಕು. ವಂತಿಗೆ, ಕಟ್ಟಳೆ, ರಕ್ಷಣೆ ಮೂರೂ ಕೂಡಿದ ಇಂಥ ಏರ್ಪಾಡನ್ನು ದಾನವೆಂದು ಕರೆಯಲು ಶಾಸ್ತ್ರ ಬಿಡದು.

ತೆರಿಗೆಯೂ ಹಾಗೆಯೇ. ದಾನವೆಂದರೆ ತನ್ನದನ್ನು ಬಿಡುವುದು. ತೆರಿಗೆಯಾಗಿ ಸಲ್ಲಬೇಕಾದ ಅಂಶ ತನ್ನದಲ್ಲವೇ ಅಲ್ಲ. ಕಾಯ್ದೆಯು ಗೊತ್ತುಮಾಡಿದ ಕ್ಷಣದಿಂದ ಅದು ಇನ್ನೊಬ್ಬರದು, ವರ್ತಕನ ಪೆಟ್ಟಿಗೆಯಲ್ಲಿ ಇರಿಸಿಕೊಂಡದ್ದು ಅಷ್ಟೇ. ಆದ್ದರಿಂದ ತೆರಿಗೆ ಕೊಟ್ಟವನಿಗೆ ದಾನದ ಪುಣ್ಯವನ್ನು ಹೇಳಲಾಗದು. ಕೊಡದವನಿಗೆ ದೋಷವನ್ನು ಹೇಳಬಹುದು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಅದರ ವಿವರಣೆಯಲ್ಲಿ ಟೀಕಾಕಾರರಲ್ಲಿ ಭೇದವಿದ್ದರೂ, ರಾಜ್ಯದ ನಿಯಮ ಮೀರಿದ ಕೊಡುಕೊಳ್ಳುವಿಕೆಯಲ್ಲಿ ಸುಂಕ ತಪ್ಪಿಸುವುದನ್ನೂ ಸೇರಿಸುವುದು ಈಚಿನ ವ್ಯಾಖ್ಯಾನಗಳಲ್ಲಿ ರೂಢಿ. ಸುಳ್ಳುತೂಕ, ಕಲಬೆರಕೆಗಳು ಅದೇ ಸೂತ್ರದಲ್ಲಿ ಪಕ್ಕದಲ್ಲೇ ಕುಳಿತಿವೆ. ರಸೀದಿಯಿಲ್ಲದ ವ್ಯಾಪಾರದಿಂದ ಉಳಿಸಿದ ಹಣದಲ್ಲಿ ನಡೆಸಿದ ಅನ್ನದಾನದ ದ್ರವ್ಯಶುದ್ಧಿ ಎಷ್ಟು ಎಂಬುದನ್ನು ಟ್ರಸ್ಟುಗಳು ಕೇಳುವುದಿಲ್ಲ. ಪಾತ್ರದ ವಿಚಾರದಲ್ಲಿ ಅಷ್ಟೊಂದು ಕಾಗದ ಕೇಳುವವರು ದ್ರವ್ಯದ ವಿಚಾರದಲ್ಲಿ ಒಂದನ್ನೂ ಕೇಳದಿರುವುದು ಆಶ್ಚರ್ಯ.

ಎಸ್ಪಿಂಗ್-ಆಂಡರ್ಸನ್ನರ 18 ದೇಶಗಳಲ್ಲಿ ಭಾರತವಿರಲಿಲ್ಲ; ಇರುವುದು ಸಾಧ್ಯವೂ ಇರಲಿಲ್ಲ. ಬ್ರಿಟನ್ನಿನ ಇಯಾನ್ ಗಫ್, ಜೆಫ್ ವುಡ್ ಮತ್ತು ಸಂಗಡಿಗರು 2004ರಲ್ಲಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳನ್ನು ಈ ತುಲನೆಯೊಳಗೆ ತಂದಾಗ, ದಕ್ಷಿಣ ಏಷ್ಯಕ್ಕೆ ಬೇರೆಯೇ ಕೋಣೆ ಬೇಕಾಯಿತು. ಇಲ್ಲಿ ಬಹುಪಾಲು ಜನ ಕಷ್ಟ ಬಂದಾಗ ಹೋಗುವುದು ಕಾಯ್ದೆಯ ಬಳಿಗಲ್ಲ, ಮನುಷ್ಯನ ಬಳಿಗೆ: ಧಣಿ, ಭೂಮಾಲಿಕ, ಜಾತಿಯ ಹಿರಿಯ, ಊರಿನ ಮುಖಂಡ. ಭದ್ರತೆ ಸಿಗುತ್ತದೆ, ಬೆಲೆಯಾಗಿ ಸ್ವಾತಂತ್ರ್ಯ ಹೋಗುತ್ತದೆ. ಇಂದಿನ ತುರ್ತಿಗೆ ಯಾರನ್ನಾದರೂ ಹಿಡಿದುಕೊಳ್ಳಲೇಬೇಕಾದವನು ನಾಳೆಯ ಬಿಡುಗಡೆಯನ್ನು ಅಡವಿಡುತ್ತಾನೆ. ವುಡ್ ಇದನ್ನು ಬಡವನ ಅವಿವೇಕವೆನ್ನುವುದಿಲ್ಲ. ಬೇರೆ ದಾರಿಯಿಲ್ಲದವನ ವಿವೇಕವೆನ್ನುತ್ತಾರೆ.

ಈ ಮಾತು ಅಂಗಡಿಗಳುಳ್ಳ ಮನೆಗಳಿಗೆ ಮುಟ್ಟತಕ್ಕದ್ದು. ಇಪ್ಪತ್ತು ವರ್ಷ ಗಲ್ಲೆಯ ಪಕ್ಕದಲ್ಲಿ ನಿಂತ ನೌಕರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಮಗಳ ಮದುವೆಗೆ ಯಜಮಾನರು ಒಂದು ಲಕ್ಷ ಮುಂಗಡ ಕೊಟ್ಟರು, ಬಡ್ಡಿ ಹಾಕಲಿಲ್ಲ. ಹೆಂಡತಿಯ ಶಸ್ತ್ರಚಿಕಿತ್ಸೆಗೆ ಮತ್ತಷ್ಟು ಕೊಟ್ಟರು. ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ. ಮನೆಯವರಂತೆ ನೋಡಿಕೊಳ್ಳುತ್ತಾರೆಂದು ಅವನೂ ಹೇಳುತ್ತಾನೆ, ಸುಳ್ಳಲ್ಲ. ಆದರೆ ಅವನ ಹೆಸರು ಭವಿಷ್ಯನಿಧಿಯ ಪುಸ್ತಕದಲ್ಲಿಲ್ಲ, ಇಎಸ್‌ಐ ಪುಸ್ತಕದಲ್ಲಿಲ್ಲ. ನೌಕರರ ಸಂಖ್ಯೆಯನ್ನು ಮಿತಿಯ ಒಳಗೇ ತೋರಿಸಿದೆ. ಮುಂಗಡ ತೀರುವವರೆಗೆ ಅವನು ಪಕ್ಕದ ಅಂಗಡಿಗೆ ಎರಡು ಸಾವಿರ ಹೆಚ್ಚಿಗೆ ಹೋಗಲಾರ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧ, ಅಂದರೆ ಇಷ್ಟವಾದ ಎಡೆಗೆ ಹೋಗದಂತೆ ಕಟ್ಟಿಹಾಕುವುದು; ಅತಿಭಾರ ಹೊರಿಸುವುದು, ಅನ್ನಪಾನ ತಡೆಯುವುದು ಅದರ ಜೊತೆಯವು. ಆಚಾರ್ಯರ ಮನಸ್ಸಿನಲ್ಲಿ ಹಗ್ಗವಿದ್ದಿರಬೇಕು. ಹಗ್ಗ ಎಳೆಯಿಂದಲೇ ಆಗಬೇಕೆಂದಿಲ್ಲ.

ಯಜಮಾನರ ಪಕ್ಷದಲ್ಲಿ ಹೇಳುವುದು ಇಲ್ಲವೆಂದಲ್ಲ. ಇಎಸ್‌ಐ ಔಷಧಾಲಯದ ಸಾಲಿನಲ್ಲಿ ನಿಂತವನಿಗೆ ಯಾರೂ ಹೆಂಡತಿ ಹೇಗಿದ್ದಾಳೆಂದು ಕೇಳುವುದಿಲ್ಲ; ಯಜಮಾನರು ಕೇಳುತ್ತಾರೆ. ನಿಧಿಯ ಕಚೇರಿಯಲ್ಲಿ ತನ್ನದೇ ಹಣಕ್ಕೆ ಹತ್ತು ಸಲ ಅಲೆಯಬೇಕಾದೀತು. ಯಜಮಾನರ ಗಲ್ಲೆ ರಾತ್ರಿ ಹನ್ನೊಂದಕ್ಕೂ ತೆರೆಯುತ್ತದೆ. ಕಾಯ್ದೆಗೆ ಭಾವವಿಲ್ಲ, ದಯೆಗೆ ಭಾವವಿದೆ. ದಾನದಲ್ಲಿ ಭಾವವೇ ಪ್ರಧಾನವಾದ್ದರಿಂದ ರಾಜ್ಯದ ಕೊಡುಗೆ ಎಂದಿಗೂ ದಾನದ ಎತ್ತರಕ್ಕೆ ಬಾರದು ಎಂಬ ವಾದವನ್ನು ಒಪ್ಪಬಹುದು. ಆದರೆ ಭಾವದ ಫಲ ಸಲ್ಲುವುದು ಕೊಡುವವನಿಗೆ. ಪಡೆಯುವವನಿಗೆ ಬೇಕಾದುದು ಯಜಮಾನರು ತೀರಿಕೊಂಡು ಮಕ್ಕಳು ಅಂಗಡಿ ಮಾರಿದ ಮೇಲೂ ಉಳಿಯುವ ಏರ್ಪಾಡು. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನದ ಚತುರ್ವಿಧ ದಾನ ತಲೆಮಾರುಗಳ ಕಾಲ ನಿಂತಿರುವುದಕ್ಕೆ ಕಾರಣ ಕೂಡ ಹೆಗ್ಗಡೆಯವರೊಬ್ಬೊಬ್ಬರ ಔದಾರ್ಯಕ್ಕಿಂತ ಹೆಚ್ಚಾಗಿ ಅದು ಕ್ಷೇತ್ರದ ಕಟ್ಟಳೆಯಾಗಿರುವುದೇ. ಪಂಕ್ತಿಯಲ್ಲಿ ಕುಳಿತವನು ಅಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಇನ್ನು ಅನ್ವಯದತ್ತಿ. ಎಸ್ಪಿಂಗ್-ಆಂಡರ್ಸನ್ನರ ಮೇಲೆ ಬಂದ ಗಟ್ಟಿ ಆಕ್ಷೇಪ ಹೆಂಗಸರದು. 1992ರಲ್ಲಿ ಜೇನ್ ಲೂಯಿಸ್, ಮರುವರ್ಷ ಆ್ಯನ್ ಓರ್ಲಾಫ್ ಕೇಳಿದರು: ಮಾರುಕಟ್ಟೆಯಿಂದ ಬಿಡುಗಡೆಯೆಂಬುದು ಮಾರುಕಟ್ಟೆಗೆ ಹೋದವನ ಮಾತು, ಮನೆಯಲ್ಲಿ ಕೂಲಿಯಿಲ್ಲದೆ ಮುದುಕರನ್ನೂ ಮಕ್ಕಳನ್ನೂ ನೋಡಿಕೊಂಡವಳು ಯಾವ ಅಂಕದಲ್ಲಿದ್ದಾಳೆ? ಗಂಡನ ಮೂಲಕವಲ್ಲದೆ ಅವಳಿಗೆ ಪಿಂಚಣಿಯುಂಟೇ? ವಂಶಕ್ಕೆ ಒಪ್ಪಿಸುವ ದತ್ತಿಯಲ್ಲಿ ಪುರಾಣ ಹೇಳುವುದು ಪುತ್ರನನ್ನು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಹೆಸರಿಗೇ ಹಾಕುತ್ತದೆ. ಬ್ರೆಜಿಲ್ 2003ರಿಂದ ತಾಯಂದಿರ ಕೈಗೆ ಕೊಟ್ಟ ಹಣದೊಡನೆ ಇದನ್ನು ಹೋಲಿಸಬಹುದು. ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿದ್ದರೆ ಈ ಹಣವಿಲ್ಲ. ಹೀಗಾಗಿ ಜೈನ ವರ್ತಕರ ಬಹಳಷ್ಟು ಮನೆಗಳ ಯಜಮಾನಿಯರು ಪಟ್ಟಿಯಿಂದ ಹೊರಗಿದ್ದಾರೆ. ಅವರಿಗೆ ಆ ಎರಡು ಸಾವಿರದ ಅವಶ್ಯಕತೆಯಿಲ್ಲವೆಂದು ಗಂಡಂದಿರು ಹೇಳುತ್ತಾರೆ. ಅಂಗಡಿಯ ಉಳಿತಾಯದಲ್ಲಿ ತನ್ನ ಹೆಸರಿನಲ್ಲಿ ಎಷ್ಟಿದೆಯೆಂದು ತಿಳಿಯದ ಯಜಮಾನಿಯರು ಎಷ್ಟು ಮಂದಿಯೆಂಬುದನ್ನು ಯಾವ ದೇಶದ ಅಂಕಿಯೂ ಎಣಿಸಿಲ್ಲ. ಮನೆಯವರು ಬೇಕಾದರೆ ಒಂದು ಸಂಜೆಯಲ್ಲಿ ಎಣಿಸಬಹುದು.